ಹೊಂಗೆ ನೆರಳು ಹೋದ ಮನೆ

ನಮ್ಮ ಊರಿನಲ್ಲಿ ಮಧ್ಯಾಹ್ನದ ಹೊತ್ತು ಯಾರ ಮನೆಗಾದರೂ ಹೋದರೆ ಮೊದಲು ಮುಖ ನೋಡುವುದಿಲ್ಲ, ನೆಲ ನೋಡುತ್ತೇವೆ. ಮರವಿಲ್ಲದ ಕಡೆ ಎಲೆ ಎಲೆಯಾಗಿ ನೆರಳು ಬಿದ್ದಿದೆಯೋ ಹೇಗೆ ಅಂತ ಒಂದು ಸಲ ಕಣ್ಣಾಡಿಸಿ, ಆಮೇಲೆ ಚೆನ್ನಾಗಿದ್ದೀರಾ ಅಂತ ಕೇಳುತ್ತೇವೆ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಮನೆಗೆ ಬಂದಾಗ ಅವರೂ ಅದನ್ನೇ ಮಾಡುತ್ತಾರೆ.

ಮರಕ್ಕೆ ಯಾರ ಕೈ ದಿನವೂ ನೀರು ಹಾಕುತ್ತದೋ, ಆ ಮರದ ನೆರಳು ಅವರ ಮನೆಗೆ ಹೋಗುತ್ತದೆ. ಒಂದು ದಿನ ಹಾಕಿ ಬಿಟ್ಟರೆ ಹೋಗುವುದಿಲ್ಲ; ಒಂದೇ ಕೈ ತಪ್ಪದೆ ಹಾಕುತ್ತಾ ಬಂದರೆ ಹೋಗುತ್ತದೆ. ನಿಮ್ಮ ಅಂಗಳದ ಮರಕ್ಕೆ ನೀವು ನೀರು ಹಾಕಿಕೊಂಡರೆ ಯಾರದೂ ತಕರಾರಿಲ್ಲ. ತಾಪತ್ರಯವೆಲ್ಲ ಪಾರ್ಕಿನ ಮರಗಳದ್ದು. ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ನಗರಸಭೆಯವರು ನಮ್ಮ ಪಾರ್ಕಿಗೆ ಸಂಬಳ ಕೊಟ್ಟು ಒಬ್ಬ ಮಾಲಿಯನ್ನು ಇಟ್ಟಿದ್ದರು. ಪುಣ್ಯಾತ್ಮ ಬಹಳ ನಿಯತ್ತಿನವನು, ಒಂದು ದಿನವೂ ಕೆಲಸ ತಪ್ಪಿಸಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ಪಾರ್ಕಿನ ಅಷ್ಟೂ ಮರಗಳ ಬುಡದಲ್ಲಿ ಸುಡುಸುಡು ಬಿಸಿಲು; ಅವನ ಮನೆಯವರು ಮಾತ್ರ ಏಪ್ರಿಲ್‌ನಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು. ನೆರಳು ಕದ್ದವರ ಮನೆ ಮೆಟ್ಟಿಲನ್ನು ನಮ್ಮೂರಿನಲ್ಲಿ ಯಾರೂ ಹತ್ತುವುದಿಲ್ಲ. ಹಾಲಿನವನು ಹತ್ತಲಿಲ್ಲ, ನೆಂಟರು ಹತ್ತಲಿಲ್ಲ, ಕೊನೆಗೆ ಆ ಸಂಸಾರ ಊರು ಬಿಟ್ಟು ಹೋಯಿತು. ಅಂದಿನಿಂದ ಪಾರ್ಕಿಗೆ ಮಾಲಿ ಇಲ್ಲ, ಸರದಿ ಇದೆ. ಸುತ್ತಲಿನ ಮನೆಗಳವರು ಒಬ್ಬರಾದ ಮೇಲೊಬ್ಬರು ಕೊಡ ಹಿಡಿದು ಹೋಗಿ ನೀರು ಹಾಕಬೇಕು. ಒಬ್ಬರು ಹಾಕುವಾಗ ಇನ್ನೊಬ್ಬರು ಗೇಟಿನಲ್ಲಿ ನಿಂತು ನೋಡಬೇಕು. ನೋಡುವ ಕೆಲಸಕ್ಕೆ ನಮ್ಮಲ್ಲಿ ಜನರಿಗೆ ಯಾವತ್ತೂ ಬರವಿಲ್ಲ.

ನನ್ನ ಹೆಸರು ಸರ್ವಮಂಗಳ. ಬಟ್ಟೆ ಹೊಲಿಯುತ್ತೇನೆ, ಊರಿಗೆಲ್ಲ ಮಂಗಳಕ್ಕ. ಮನೆಯಲ್ಲಿ ನಾನೂ ನನ್ನ ಮಿಷನ್ನೂ. ಮಿಷನ್ನು ಕಿಟಕಿಯ ಪಕ್ಕ ಇದೆ, ಕಿಟಕಿಯ ಎದುರಿಗೆ ಪಾರ್ಕಿನ ಗೇಟು, ಗೇಟಿನ ಒಳಗೆ ದೊಡ್ಡ ಹೊಂಗೆ. ಆ ಹೊಂಗೆಯ ಕೆಳಗೆ ಕೂತರೆ ಮೇ ತಿಂಗಳೂ ನೆನಪಿಗೆ ಬರುವುದಿಲ್ಲ. ನನಗೆ ಅನುಮಾನ ಜಾಸ್ತಿ ಅಂತ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಳತೆ ತೆಗೆಯುವಾಗ ಹೊಟ್ಟೆ ಒಳಗೆಳೆದುಕೊಳ್ಳದೆ ನಿಂತ ಮನುಷ್ಯರನ್ನು ನಾನು ಇನ್ನೂ ನೋಡಿಲ್ಲ.

ಎರಡು ವರ್ಷ ಮಳೆ ಕೈಕೊಟ್ಟಿತು. ಬೋರುಗಳು ಒಂದೊಂದಾಗಿ ಗಾಳಿ ಉಗುಳತೊಡಗಿದವು. ಸರದಿಯ ದಿನ ಬಂದರೆ ಒಬ್ಬರಿಗೆ ಜ್ವರ, ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಸೊಂಟ. ಪಾರ್ಕಿನ ಹುಲ್ಲುಹಾಸು ಒಣಗಿ ತೆಂಗಿನ ನಾರಿನ ಹಾಗಾಯಿತು, ಎಳೆಯ ಗಿಡಗಳು ಸತ್ತವು. ಆಗ ನಗರಸಭೆಯಿಂದ ತನುಜಾ ಅನ್ನುವ ಇಂಜಿನಿಯರ್ ಬಂದು ಹೊಂಗೆಯ ಕೆಳಗೆ ಸಭೆ ಕರೆದಳು.

ಅವಳು ಹೇಳಿದ್ದು ತಪ್ಪೇನಿರಲಿಲ್ಲ. ನೀರು ಕುಡಿಯುವ ಹುಲ್ಲುಹಾಸು ಕಿತ್ತು ಈ ಮಣ್ಣಿಗೆ ಒಗ್ಗುವ ಗರಿಕೆ, ಲಾವಂಚ ಹಾಕೋಣ. ಉದುರಿದ ಎಲೆ ಸುಡುವುದು ಬೇಡ, ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡೋಣ. ನಮ್ಮ ನಮ್ಮ ಬಚ್ಚಲಿನ ನೀರೆಲ್ಲ ಚರಂಡಿಗೆ ಹೋಗುವ ಬದಲು ಪಾರ್ಕಿನ ಮೂಲೆಯ ಮರಳಿನ ತೊಟ್ಟಿಗೆ ಬರಲಿ, ಅಲ್ಲಿ ಸೋಸಿ, ಪೈಪಿನಲ್ಲಿ ಒಂದೊಂದು ಮರದ ಬುಡಕ್ಕೂ ಹೋಗಲಿ.

"ಇರೋದು ಒಂದೇ ವಾಲ್ವ್. ದಿನಾ ಬೆಳಿಗ್ಗೆ ತಿರುಗಿಸಿದ್ರೆ ಆಯ್ತು," ಅಂದಳು.

ಪಾರ್ಕು ಕಮಿಟಿಯ ಅಧ್ಯಕ್ಷ, ಹಿಟ್ಟಿನ ಗಿರಣಿಯ ಲಿಂಗರಾಜಣ್ಣ, ಗಂಟಲು ಸರಿಮಾಡಿಕೊಂಡ. "ತಿರುಗಿಸೋರು ಯಾರು ಮೇಡಂ?"

ಅವಳೂ ಇದೇ ಊರಿನವಳು, ಪ್ರಶ್ನೆ ಅರ್ಥವಾಯಿತು. "ಸರದಿಗೆ ಬಿಟ್ಟ ಪಾರ್ಕುಗಳಲ್ಲಿ ನಾಲ್ಕು ಜನ ನಾಲ್ಕು ಥರ ತಿರುಗಿಸಿ ವಾಲ್ವ್ ಮುರಿದಿದ್ದಾರೆ. ತೊಟ್ಟಿ ಕಟ್ಟಿಕೊಂಡು ಗಬ್ಬು ನಾರ್ತಿದೆ. ಇದಕ್ಕೆ ಒಬ್ಬರೇ ಬೇಕು ಅಣ್ಣ. ದಿನಾ ಅದೇ ಕೈ."

ಅಷ್ಟೇ ಸಾಕಾಯಿತು. ಅದೇ ಕೈ ಅಂದರೆ ಒಂದು ಮರದ ನೆರಳಲ್ಲ, ಇಡೀ ಪಾರ್ಕಿನ ನೆರಳು. ನಮ್ಮ ಎದುರು ಮನೆಯ ವಿಶಾಲಾಕ್ಷಿ ಲಿಂಗರಾಜಣ್ಣನನ್ನು ನೋಡಿದಳು, ಲಿಂಗರಾಜಣ್ಣ ತನುಜಾಳನ್ನು ನೋಡಿದ, ನಾನು ಎಲ್ಲರನ್ನೂ ನೋಡಿದೆ. ಗಿರಣಿಯೊಳಗೆ ಎಷ್ಟು ಸೆಕೆ ಅಂತ ನನಗೆ ಗೊತ್ತಿಲ್ಲವೆ?

"ಮನೆ ಇದ್ದರೆ ತಾನೇ ನೆರಳು ಹೋಗೋದು," ಅಂದೆ ನಾನು. "ಮನೆಯೇ ಇಲ್ಲದವರನ್ನ ಹುಡುಕಿ."

ನನ್ನ ಮಾತನ್ನು ಯಾರಾದರೂ ಒಂದೇ ಸಲಕ್ಕೆ ಒಪ್ಪಿದ್ದು ಅದೇ ಮೊದಲು. ಹುಡುಕುವುದು ಕಷ್ಟವಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಓಬಳಪ್ಪ ಅಂತ ಒಬ್ಬ ಮಲಗುತ್ತಿದ್ದ. ಐವತ್ತು ದಾಟಿದವನು, ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದನಂತೆ. ಕಂಪನಿ ನಮ್ಮೂರಿನಲ್ಲೇ ಮುಚ್ಚಿ, ಯಜಮಾನ ಪರದೆಗಳನ್ನು ಮಾರಿಕೊಂಡು ಹೋಗಿ, ಇವನು ಉಳಿದುಬಿಟ್ಟಿದ್ದ. ಕಮಿಟಿಯವರೂ ನಾವೂ ಅವನನ್ನು ಕೂರಿಸಿಕೊಂಡು ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಪ್ರಶ್ನೆ ಕೇಳಿದೆವು. ಹೆಂಡತಿ? ಇಲ್ಲ. ಅಕ್ಕತಂಗಿಯರು? ಇಲ್ಲ. ಸೋದರಮಾವನ ಕಡೆ ತುಂಡು ಜಮೀನು, ಪಾಲಿಗೆ ಬಂದ ಗೋಡೆ?

"ಅರಮನೆ ಎಳ್ದಿದೀನಿ, ಕಾಡು ಎಳ್ದಿದೀನಿ, ಬೀದಿ ಎಳ್ದಿದೀನಿ. ಮನೆ ಅಂತ ಒಂದೂ ಇಲ್ಲ ಸ್ವಾಮಿ," ಅಂದ.

ಮಾತು ಚೆನ್ನಾಗಿತ್ತು. ಮಾತು ಚೆನ್ನಾಗಿರುವವರನ್ನು ಕಂಡರೆ ನನಗೆ ಇನ್ನೂ ಅನುಮಾನ.

ಅವನು ಬಂದ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಮಲಗುತ್ತಿದ್ದ. ಬೆಳಿಗ್ಗೆ ತೊಟ್ಟಿಯ ಮೇಲಿನ ನೊರೆ ತೆಗೆದು, ವಾಲ್ವ್ ತಿರುಗಿಸಿ, ಪೈಪಿನ ತೂತುಗಳಲ್ಲಿ ಕೂತ ಕಸವನ್ನು ಪೊರಕೆ ಕಡ್ಡಿಯಿಂದ ಚುಚ್ಚಿ ಬಿಡಿಸುತ್ತಿದ್ದ. ಮಳೆಗಾಲ ಕಳೆಯುವ ಹೊತ್ತಿಗೆ ಗರಿಕೆ ಹಬ್ಬಿತು. ಸತ್ತವೆಂದುಕೊಂಡಿದ್ದ ಸಂಪಿಗೆಗಳು ಚಿಗುರಿದವು. ನೆರಳು ಒಂದು ಗೇಣೂ ಅಲ್ಲಾಡಲಿಲ್ಲ; ಎಲ್ಲಿಗೆ ಹೋಗಬೇಕು, ಅವನ ಮನೆ ಪಾರ್ಕೇ ತಾನೆ. ತನುಜಾ ಬೇರೆ ಪಾರ್ಕುಗಳವರನ್ನು ಕರೆತಂದು ತೋರಿಸಿದಳು. ಲಿಂಗರಾಜಣ್ಣ ಎದೆಯುಬ್ಬಿಸಿಕೊಂಡು ಓಡಾಡಿದ.

ಅವನ ಮೇಲೆ ಒಂದು ಕಣ್ಣಿಡುವ ಕೆಲಸ ಕಮಿಟಿಯವರು ನನಗೆ ಕೊಟ್ಟಿದ್ದರು, ಕಿಟಕಿ ಇರುವುದರಿಂದ. ಕೊಡದಿದ್ದರೂ ಇಡುತ್ತಿದ್ದೆ ಅನ್ನಿ. ಬೆಳಗಿನ ಹೊತ್ತು ಅವನು ಕಾಣುತ್ತಿದ್ದ. ಮಧ್ಯಾಹ್ನ ಊಟಕ್ಕೆಂದು ಎಲ್ಲೋ ಮಾಯವಾಗುತ್ತಿದ್ದ. ಎಲ್ಲಿಗೆ? ಯಾರು ಬಡಿಸುತ್ತಾರೆ? ಬಡಿಸುವವರು ಇದ್ದಾರೆ ಅಂದರೆ ಒಲೆ ಇದೆ, ಒಲೆ ಇದೆ ಅಂದರೆ ಮನೆ ಇದೆ. ತಲೆ ಕೆಟ್ಟುಹೋಯಿತು. ಒಂದು ದಿನ ಕುಡಿಯುವ ನೀರು ಕೇಳಲು ಬಂದವನನ್ನು, "ಅಲ್ಲೇ ಕಟ್ಟೆ ಮೇಲೆ ಕೂತ್ಕೋ, ಮುದ್ದೆ ಇದೆ," ಅಂದೆ. ದಯೆಯಿಂದಲ್ಲ, ಕಣ್ಣಳತೆಯಲ್ಲಿ ಇರಲಿ ಅಂತ.

ಮಾರನೆಯ ದಿನವೂ ಕರೆದೆ. ನನ್ನ ಮನೆಯ ಮುಂದೆ, ಕಿಟಕಿಯ ಕೆಳಗೆ ಒಂದು ಕಟ್ಟೆ ಇದೆ, ಅದರ ಮೇಲಕ್ಕೆ ಹಳೆಯ ತಗಡಿನ ಮಾಡು. ಅವನು ತಗಡಿನ ಕೆಳಗೆ ಕೂತು ಉಣ್ಣುವಾಗ ನಾನು ಕಿಟಕಿಯ ಒಳಗಿನಿಂದ ಮಿಷನ್ ತುಳಿಯುತ್ತಾ ಪ್ರಶ್ನೆ ಕೇಳುತ್ತಿದ್ದೆ. ಯಾವ ಊರಿನಲ್ಲಿ ಹುಟ್ಟಿದ್ದು, ಯಾರ ಕೈ ಅಡುಗೆ ಉಂಡಿದ್ದು, ನೆನ್ನೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ತಾಳೆಯಾಗುತ್ತದೋ ಇಲ್ಲವೋ. ಅವನು ಎಲ್ಲಕ್ಕೂ ಉತ್ತರ ಕೊಡುತ್ತಿದ್ದ. ಕಾಡಿನ ಪರದೆ ಸಿಕ್ಕಿಹಾಕಿಕೊಂಡು ರಾಜ ಅಂತಃಪುರದ ಬದಲು ಕಾಡಿನಲ್ಲಿ ರಾಣಿಗೆ ಹೂ ಮುಡಿಸಿದ ಕಥೆ ಹೇಳಿದಾಗ ನಾನು ನಕ್ಕು ತೋಳಿನ ಹೊಲಿಗೆ ತಪ್ಪಿಸಿದೆ. ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ನಗಿಸುವವರನ್ನು ನಂಬಬಾರದು.

ದಿನ ಹೋಗುತ್ತಾ ಅವನು ತನ್ನ ತಟ್ಟೆ ತೊಳೆದು ಒಯ್ಯುವುದನ್ನು ಬಿಟ್ಟು, ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕಿ ಇಡತೊಡಗಿದ. ಟವೆಲ್ಲನ್ನು ನನ್ನ ಕಿಟಕಿಯ ಸರಳಿಗೆ ಒಣಹಾಕಿದ. ಒಂದು ದಿನ ಕೇಳದೆಯೇ ಮಿಷನ್ನಿನ ಬೆಲ್ಟು ಬಿಗಿಮಾಡಿ ಹೋದ. ಟವೆಲ್ಲನ್ನು ತೆಗೆದು ಎಸೆಯಬೇಕೆಂದು ನಾನು ಎರಡು ಮೂರು ಸಲ ಎದ್ದದ್ದುಂಟು. ಎಸೆಯಲಿಲ್ಲ.

ಮತ್ತೆ ಬೇಸಿಗೆ ಬಂತು. ಒಂದು ಮಧ್ಯಾಹ್ನ ವಿಶಾಲಾಕ್ಷಿ ಬಂದು ಕಿಟಕಿಯ ಹತ್ತಿರ ನಿಂತಳು.

"ಮಂಗಳಾ, ಹೊಂಗೆ ಕೆಳಗಿನ ಬೆಂಚು ನೋಡಿದ್ಯೇನೇ?"

ಹೋಗಿ ನೋಡಿದೆ. ಬೆಂಚಿನ ಅರ್ಧ ಬಿಸಿಲು. ಮರದಲ್ಲಿ ಎಲೆ ಕಿಕ್ಕಿರಿದಿತ್ತು, ಒಂದು ಕೊಂಬೆಯೂ ಮುರಿದಿರಲಿಲ್ಲ, ಆದರೂ ಬೆಂಚಿನ ಮೇಲೆ ಕೈ ಇಟ್ಟರೆ ಸುಟ್ಟಿತು. ವಾರ ಕಳೆಯುವಷ್ಟರಲ್ಲಿ ಇಡೀ ಬೆಂಚು ಬಿಸಿಲಾಯಿತು. ಹೊಂಗೆಯ ನೆರಳು ಹೋಗುತ್ತಿತ್ತು, ಬೇರೆ ಮರಗಳದ್ದೂ ಅಂಚಿನಲ್ಲಿ ತೆಳುವಾಗುತ್ತಿತ್ತು.

"ಮನೆ ಮಾಡ್ಕೊಂಡಿದಾನೆ," ಅಂದಳು ವಿಶಾಲಾಕ್ಷಿ. "ಎಲ್ಲೋ ಇಟ್ಕೊಂಡಿದಾನೆ. ನಮ್ಮ ಕಣ್ಣಿಗೆ ಮಣ್ಣು."

ನನಗೆ ಆದ ಅವಮಾನ ಹೇಳತೀರದು. ಮನೆಯಿಲ್ಲದವನನ್ನು ತನ್ನಿ ಅಂದವಳು ನಾನು, ಕಣ್ಣಿಡುತ್ತೇನೆ ಅಂದವಳು ನಾನು, ದಿನವೂ ಮುದ್ದೆ ಸಾರು ಬಡಿಸಿದವಳೂ ನಾನು. ನನ್ನ ಕಟ್ಟೆಯ ಮೇಲೆ ಕೂತು ನನಗೇ ಸುಳ್ಳು ಹೇಳಿದನಲ್ಲ ಅಂತ ಹೊಟ್ಟೆ ಉರಿಯಿತು. ಮರುದಿನ ಅವನ ಹಿಂದೆ ಬಿದ್ದೆ. ಅವನು ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ, ಒಂದು ಬಾಳೆಹಣ್ಣು ತಿಂದು, ಬಸ್ಸುಗಳ ಬೋರ್ಡು ಓದುತ್ತಾ ಕೂತಿದ್ದು ವಾಪಸ್ಸು ಬಂದ. ಇಷ್ಟು ಚೆನ್ನಾಗಿ ಮುಚ್ಚಿಡುವವನು ಎಂಥ ಘಾಟಿ ಇರಬೇಕು ಅಂದುಕೊಂಡೆ. ನಂತರದ ಮಧ್ಯಾಹ್ನಗಳಲ್ಲಿ, ಅವನಿಗೆ ಬಡಿಸಿ, ಕೊಡೆ ಹಿಡಿದು ಊರಿಡೀ ತಿರುಗಿದೆ. ಮರವಿಲ್ಲದ ಅಂಗಳದಲ್ಲಿ ಹೊಂಗೆಯ ನೆರಳು ಎಲ್ಲೂ ಸಿಗಲಿಲ್ಲ.

ಲಿಂಗರಾಜಣ್ಣ ಸಭೆ ಕರೆದ. ಓಬಳಪ್ಪನನ್ನೂ ಕರೆಸಿದರು. ಅವನು ತಲೆ ತಗ್ಗಿಸಿ, "ನನಗೇನೂ ಗೊತ್ತಿಲ್ಲ ಸ್ವಾಮಿ," ಅಂದ.

"ಮನೆ ಸಿಗಲಿ ಬಿಡಲಿ, ಭಾನುವಾರ ಸಂಜೆ ಬಸ್ಸಿಗೆ ಇವನು ಊರು ಬಿಡಬೇಕು," ಅಂದ ಲಿಂಗರಾಜಣ್ಣ.

"ಬಿಡಲಿ, ಆದರೆ ಆ ಮನೆ ಯಾವುದು ಅಂತ ಗೊತ್ತಾಗಬೇಕು," ಅಂದೆ ನಾನು. "ನೆರಳು ಬಯಲಲ್ಲಿ ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ತಿತ್ತು. ಇನ್ನೊಂದು ನೆರಳಿನ ಒಳಗೆ ಬಚ್ಚಿಟ್ಟಿದಾರೆ. ಭಾನುವಾರ ಎಲ್ಲರೂ ಮನೆ ಮುಂದಿನ ತಗಡು, ಚಪ್ಪರ, ತಡಿಕೆ ಬಿಚ್ಚಿಡಿ. ಮಧ್ಯಾಹ್ನ ಬೀದಿ ಬೀದಿ ನೋಡ್ಕೊಂಡು ಬರೋಣ."

ಸಭೆಯೇ ನನ್ನನ್ನು ಹೊಗಳಿತು. ಮಂಗಳಕ್ಕನ ತಲೆಯೇ ತಲೆ ಅಂದರು.

ಭಾನುವಾರ ಬೆಳಗಿನಿಂದ ಊರಿಡೀ ತಗಡು ಬಿಚ್ಚುವ ಸದ್ದು. ನನ್ನದನ್ನು ಬಿಚ್ಚಲು ಯಾರೂ ಸಿಗಲಿಲ್ಲ. ಓಬಳಪ್ಪ ತನ್ನ ಚೀಲ ಕಟ್ಟಿಕೊಂಡು, ಹೇಳಿ ಹೋಗಲು ಬಂದ.

"ಹೋಗೋ ಮೊದಲು ಇದೊಂದು ತಗಡು ಇಳಿಸಿ ಹೋಗು," ಅಂದೆ. ನನ್ನ ಮನೆಯಲ್ಲಿ ಹುಡುಕಬೇಕಾದ್ದೇನೂ ಇರಲಿಲ್ಲ. ಎಲ್ಲರಿಗೂ ಹೇಳಿ ನಾನೇ ಬಿಡುವುದು ಚೆನ್ನಾಗಿರುವುದಿಲ್ಲ ಅಂತ.

ಅವನು ಕಟ್ಟೆ ಹತ್ತಿ ಮೊಳೆ ಕಿತ್ತ. ತಗಡನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಜರುಗಿಸಿದ, ಪರದೆ ಸರಿಸಿದ ಹಾಗೆ. ನಡು ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿದ್ದ. ಕಟ್ಟೆಯ ಮೇಲೆ ಬಿಸಿಲು ಬೀಳಲಿಲ್ಲ. ಎಲೆ ಎಲೆಯಾಗಿ, ಗಾಳಿಗೆ ಸಣ್ಣಗೆ ಅಲ್ಲಾಡುತ್ತಾ, ತಂಪಾಗಿ, ದೊಡ್ಡ ಹೊಂಗೆಯ ನೆರಳು ನನ್ನ ಕಟ್ಟೆಯ ತುಂಬ ಬಿದ್ದಿತ್ತು. ಕಿಟಕಿಯ ಸರಳಿನ ಮೇಲೆ, ಅಲ್ಲಿ ಒಣಗುತ್ತಿದ್ದ ಟವೆಲ್ಲಿನ ಮೇಲೆ ಬಿದ್ದಿತ್ತು.

ನನಗೆ ಮೊದಲು ಹೊಳೆದದ್ದು ಇವನು ಬೇಕೆಂದೇ ನನ್ನನ್ನು ಸಿಕ್ಕಿಸಿದ್ದಾನೆ ಅಂತ. "ಏನಯ್ಯಾ ಇದು," ಅಂದೆ. "ಮನೆ ಇಲ್ಲ ಅಂದ್ಯಲ್ಲ."

ಅವನು ತಗಡು ಹಿಡಿದುಕೊಂಡೇ ನಿಂತಿದ್ದ. ನೆರಳನ್ನು ನೋಡಿದ, ತನ್ನ ಟವೆಲ್ಲನ್ನು ನೋಡಿದ, ಮೂಲೆಯ ತಟ್ಟೆಯನ್ನು ನೋಡಿದ.

"ಸುಳ್ಳು ಹೇಳಲಿಲ್ಲ ಅಕ್ಕಾ," ಅಂದ. "ಆಗ ಇರಲಿಲ್ಲ."

ಐವತ್ತು ದಾಟಿದ ಮನುಷ್ಯ, ನನ್ನ ಎರಡು ಚದರ ಕಲ್ಲಿನ ಮೇಲೆ, ನಾನು ಪೊಲೀಸರ ಹಾಗೆ ಪ್ರಶ್ನೆ ಕೇಳುತ್ತಾ ಬಡಿಸಿದ ಊಟವನ್ನೇ ಮನೆ ಅಂದುಕೊಂಡಿದ್ದ. ಅವನಿಗೇ ಗೊತ್ತಿರಲಿಲ್ಲ. ಹೊಂಗೆಗೆ ಗೊತ್ತಾಗಿತ್ತು.

ಬೀದಿಯ ತುದಿಯಲ್ಲಿ ಕಮಿಟಿಯವರ ಮಾತು ಕೇಳಿಸಿತು. ಓಬಳಪ್ಪ ತಗಡನ್ನು ಮತ್ತೆ ಮೇಲೆತ್ತಿದ. "ನಾನು ಹೆಂಗೂ ಹೋಗೋನು. ಮೇಲೆ ಹಾಕ್ಬಿಡ್ತೀನಿ. ನಾನು ಊರು ದಾಟಿದ್ರೆ ನೆರಳು ತಾನೇ ವಾಪಸ್ ಹೋಗುತ್ತೆ. ನಿಮ್ಮ ಮೆಟ್ಟಿಲು ಹತ್ತೋರು ನಿಲ್ಲಬಾರದು ಅಕ್ಕಾ, ಹೊಲಿಗೆ ನಂಬ್ಕೊಂಡಿರೋರು."

ಅವನು ಹೇಳಿದ್ದು ನಿಜ. ಮಾಲಿಯ ಮನೆಯವರು ಸಾಮಾನು ಕಟ್ಟಿ ಹೋದದ್ದನ್ನು ನಾನು ಇದೇ ಕಿಟಕಿಯಿಂದ ನೋಡಿದ್ದೆ. ತಗಡು ಮೇಲೆ ಹೋದರೆ ನಾನು ಉಳಿಯುತ್ತೇನೆ, ಅವನು ಸಂಜೆ ಬಸ್ಸಿಗೆ ಹೋಗುತ್ತಾನೆ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಕೈ ತಗಡಿನ ಕಡೆಗೇ ಹೋಗಿತ್ತು. ಅಷ್ಟರಲ್ಲಿ ಅವನು ಟವೆಲ್ಲನ್ನು ಸರಳಿನಿಂದ ಎಳೆದು ಚೀಲಕ್ಕೆ ತುರುಕಿದ. ಸರಳು ಬರಿದಾದದ್ದು ಕಂಡಿತು. ಅದು ನನ್ನ ಕೈಲಿ ನೋಡಲಾಗಲಿಲ್ಲ.

"ಇಳಿಸು ಅದನ್ನ," ಅಂದೆ. ಬೀದಿಗಿಳಿದು, "ಲಿಂಗರಾಜಣ್ಣ, ಬೇರೆ ಕಡೆ ಹುಡುಕಬೇಡಿ. ನೆರಳು ಇಲ್ಲಿದೆ," ಅಂತ ಕೂಗಿದೆ.

ಜನ ಬಂದು ಸುತ್ತಲೂ ನಿಂತರು. ಬಹಳ ಹೊತ್ತು ನೆರಳನ್ನೂ ನನ್ನನ್ನೂ ನೋಡಿದರು. ಏನಾಯಿತು ಅಂತ ನಾನು ಹೇಳಿದೆ. ಒಬ್ಬರೂ ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

"ಮನೆಯಿಲ್ಲದೋನನ್ನ ತನ್ನಿ ಅಂದೋಳು ಇವಳು, ಊಟಕ್ಕೆ ಕೂರಿಸ್ಕೊಂಡೋಳು ಇವಳು," ಅಂದಳು ವಿಶಾಲಾಕ್ಷಿ. "ಎಲ್ಲ ಮೊದಲೇ ಹೊಲಿದಿಟ್ಟಿದ್ದಾಳೆ."

ಇಪ್ಪತ್ತು ವರ್ಷದಿಂದ ಅವಳ ರವಿಕೆ ಹೊಲಿದವಳು ನಾನು. ಕಣ್ಣಲ್ಲಿ ನೀರು ಬಂತು. ಲಿಂಗರಾಜಣ್ಣ ನನ್ನ ಮುಖ ನೋಡದೆ ತೀರ್ಪು ಹೇಳಿದ: "ಇನ್ನು ಈ ಮೆಟ್ಟಿಲು ಯಾರೂ ಹತ್ತಬೇಡಿ. ಅವನು ಹೋಗಲಿ."

"ಅವನು ಹೋದ್ರೆ ತೊಟ್ಟಿ ಯಾರು ನೋಡ್ತಾರೆ?" ಅಂದಳು ತನುಜಾ. ಗುಂಪಿನ ಹಿಂದೆ ನಿಂತಿದ್ದಳು. "ನಾಳೆ ಬೆಳಿಗ್ಗೆ ವಾಲ್ವ್ ತಿರುಗಿಸೋಕೆ ಯಾರು ಬರ್ತೀರಿ? ಕೈ ಎತ್ತಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೈ ಎತ್ತಿದವರನ್ನು ಉಳಿದವರು ಬಿಡುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

"ಹಾಗಾದ್ರೆ ಊಟ ನಿಲ್ಲಿಸಿ ಮಂಗಳಕ್ಕ," ಅಂದ ಲಿಂಗರಾಜಣ್ಣ.

"ಊಟ ನಿಲ್ಲಿಸಲ್ಲ," ಅಂದೆ. "ನೀವು ನನ್ನ ಮೆಟ್ಟಿಲು ಹತ್ತಬೇಡಿ, ನಾನೇ ಇಳಿದು ಬರ್ತೀನಿ."

ಮಾರನೆಯ ಮಧ್ಯಾಹ್ನ ಎರಡು ತಟ್ಟೆ, ಸಾರಿನ ಪಾತ್ರೆ, ಮುದ್ದೆ ತಗೊಂಡು ಪಾರ್ಕಿಗೆ ಹೋದೆ. ಹೊಂಗೆಯ ಕೆಳಗೆ ಒಲೆಯ ಮೇಲೆ ಕೂತ ಹಾಗಿತ್ತು. ಓಬಳಪ್ಪ ಬೇಡ ಬೇಡ ಅಂದ. ಕೂತ್ಕೋ ಅಂದೆ. ಇಬ್ಬರೂ ತಲೆಗೆ ಬಟ್ಟೆ ಹಾಕಿಕೊಂಡು ಬಿಸಿಲಿನಲ್ಲಿ ಉಂಡೆವು. ಹೊಲಿಯಲು ಬಟ್ಟೆ ತರುವವರು ಇರಲಿಲ್ಲ, ಹಾಗಾಗಿ ಎದ್ದು ಬರುವ ಅವಸರವೂ ಇರಲಿಲ್ಲ. ಗೊಬ್ಬರದ ಗುಂಡಿ ತಿರುವಿದೆ, ಸಂಪಿಗೆಯ ಪಾತಿ ಸರಿಮಾಡಿದೆ. ಅವನ ಟವೆಲ್ಲನ್ನು ಕೆಳಗಿನ ಕೊಂಬೆಗೆ ನಾನೇ ಒಣಹಾಕಿದೆ.

ಎರಡನೆಯ ದಿನ ವಿಶಾಲಾಕ್ಷಿ ತನ್ನ ಡಬ್ಬಿ ಹಿಡಿದುಕೊಂಡು ಬಂದು ದೂರದಲ್ಲಿ ಕೂತಳು. ನಾವು ಏನು ಮಾತಾಡುತ್ತೇವೆ ಅಂತ ಕೇಳಿಸಿಕೊಳ್ಳಲು. ಅವಳು ಏಕೆ ಹೋದಳು ಅಂತ ನೋಡಲು ಅವಳ ಪಕ್ಕದ ಮನೆಯವರು ಬಂದರು. ವಾರ ಕಳೆಯುವುದರೊಳಗೆ ಲಿಂಗರಾಜಣ್ಣನೂ ಗಿರಣಿ ನಿಲ್ಲಿಸಿ ಬುತ್ತಿ ತಂದ. ಎಲ್ಲರೂ ಒಂದೇ ಕಡೆ ಸೇರಿದರೆ ಅಧ್ಯಕ್ಷನಿಗೆ ನಿದ್ದೆ ಬರುವುದಿಲ್ಲ. ಒಬ್ಬರ ಡಬ್ಬಿಯಲ್ಲಿ ಏನಿದೆ ಅಂತ ಇನ್ನೊಬ್ಬರು ಬಗ್ಗಿ ನೋಡುತ್ತಾ, ಉಪ್ಪಿನಕಾಯಿ ಕೊಡಬೇಕಾದ್ದು ಬಂತು, ಪಲ್ಯ ಕೊಡಬೇಕಾದ್ದು ಬಂತು. ಓಬಳಪ್ಪ ರಾಣಿಗೆ ಕಾಡಿನಲ್ಲಿ ಹೂ ಮುಡಿಸಿದ ಕಥೆ ಹೇಳಿದ. ವಿಶಾಲಾಕ್ಷಿ ನಗಬಾರದೆಂದು ಸೆರಗು ಕಚ್ಚಿಕೊಂಡಳು. ಬೆಂಚಿನ ಒಂದು ತುದಿ ತಂಪಾಗಿದೆ ಅಂತ ಮೊದಲು ಹೇಳಿದವಳೂ ಅವಳೇ.

ಆಮೇಲೆ ನೆರಳು ದಿನ ದಿನಕ್ಕೆ ಬಂತು, ಮೊದಲಿಗಿಂತ ದಟ್ಟವಾಗಿ ಬಂತು. ನನ್ನ ಕಟ್ಟೆಯನ್ನು ಕಮಿಟಿಯವರು ಬಂದು ನೋಡಿ, ಬಿಸಿಲು ಬಿದ್ದಿದೆ ಅಂತ ಖಾತ್ರಿ ಮಾಡಿಕೊಂಡರು. ಮೊದಲು ವಿಶಾಲಾಕ್ಷಿ ಮೆಟ್ಟಿಲು ಹತ್ತಿದಳು, ರವಿಕೆ ಬಟ್ಟೆ ಹಿಡಿದುಕೊಂಡು, ಏನೂ ಆಗದವಳ ಹಾಗೆ. ಹೊಟ್ಟೆ ಒಳಗೆಳೆದುಕೊಂಡು ನಿಂತಳು. ನಾನು ಒಂದಿಂಚು ಬಿಟ್ಟೇ ಹೊಲಿದೆ.

ಕಮಿಟಿಯವರು ನೋಡಲು ಬಂದ ದಿನ ಕಟ್ಟೆಯ ಮೂಲೆಯಲ್ಲಿ ನಾನು ನೀರಿನ ಹಂಡೆ ಇಟ್ಟು, ಅದಕ್ಕೆ ಆತುಕೊಂಡು ನಿಂತಿದ್ದೆ. ಅವರು ಹೋದ ಮೇಲೆ ಹಂಡೆ ಸರಿಸಿದೆ. ಅಲ್ಲಿ ಇನ್ನೂ ಇತ್ತು. ತಟ್ಟೆಯಗಲ, ಅವನು ತಟ್ಟೆ ಬೋರಲು ಹಾಕುತ್ತಿದ್ದ ಜಾಗದಲ್ಲೇ, ಏಳೆಂಟು ಎಲೆಯ ನೆರಳು ಸಣ್ಣಗೆ ಅಲ್ಲಾಡುತ್ತಿತ್ತು. ಊರಿನ ಆಸ್ತಿ. ಇನ್ನೊಬ್ಬರ ಮನೆಯಲ್ಲಿ ಕಂಡಿದ್ದರೆ ನಾನು ಊರು ಕೂಡಿಸುತ್ತಿದ್ದೆ.

ಮರುದಿನ ಓಬಳಪ್ಪನನ್ನು ಕರೆದು, ತಗಡು ಮತ್ತೆ ಹಾಕಿಕೊಡು ಅಂದೆ. ಅವನು ಕಟ್ಟೆ ಹತ್ತಿದವನು ಮೂಲೆಯನ್ನು ನೋಡಿ ಒಂದು ಗಳಿಗೆ ನಿಂತ. ನನ್ನ ಕಡೆ ತಿರುಗಲಿಲ್ಲ. ಎದುರು ಮನೆಯ ಮಹಡಿಯಿಂದ ವಿಶಾಲಾಕ್ಷಿ ಕೂಗಿದಳು: "ಯಾಕೆ ಮಂಗಳಾ, ಮತ್ತೆ ತಗಡು?"

"ಬಿಸಿಲು ಕಣೇ," ಅಂದೆ.

ಓಬಳಪ್ಪ ತಗಡನ್ನು ಎತ್ತಿ ಹಿಡಿದು ಮೊಳೆಗೆ ಕೈ ಚಾಚಿದ. ಮೊಳೆ ಕೊಟ್ಟು, ಗಟ್ಟಿಯಾಗಿ ಹೊಡಿ ಅಂದೆ.